ಏಳು ಸುತ್ತಿನ ಸೈಕಲ್ ಸವಾರಿ

ಜೂನ್ 3ಕ್ಕೆ ಎಂಟು ದಿನ ಮೊದಲೇ ಊರ ತುಂಬ ಫ್ಲೆಕ್ಸ್ ಬಿತ್ತು: ‘ನಿರಾಳ ಸೈಕಲ್ ವಿಹಾರ’. ಎಣಿಸಿದೆ, ಹದಿನಾಲ್ಕು ಮುಖಗಳಿದ್ದವು. ಸೈಕಲ್ ಎಲ್ಲಿ ಎಂದು ಹುಡುಕಿದರೆ ಕೆಳಗಡೆ ಮೂಲೆಯಲ್ಲಿ, ನಿಂಬೆಹಣ್ಣಿನಷ್ಟು. ಜೊತೆಗೊಂದು ಸುತ್ತೋಲೆಯೂ ಹೊರಟಿತ್ತಂತೆ. ಸಿಬ್ಬಂದಿಯೆಲ್ಲರೂ ಬೆಳಗ್ಗೆ ಆರೂವರೆಗೆ ಕಡ್ಡಾಯವಾಗಿ ಹಾಜರಿದ್ದು ನಿರಾಳವಾಗಿ ಭಾಗವಹಿಸತಕ್ಕದ್ದು, ತಪ್ಪಿದಲ್ಲಿ ಕಾರಣ ಕೇಳಿ ನೋಟಿಸು.

ಈ ದಿನದ ಜಾತಕವೇ ಹಾಗೆ. 2018ರಲ್ಲಿ ವಿಶ್ವಸಂಸ್ಥೆ ಜೂನ್ 3ನ್ನು ವಿಶ್ವ ಬೈಸಿಕಲ್ ದಿನ ಎಂದು ಸಾರಿತು. 2020ರ ಅದೇ ಜೂನ್ 3ರಂದು ಅಟ್ಲಾಸ್ ಸೈಕಲ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಗೆ ಬಾಗಿಲು ಹಾಕಿತು. ಯಾವುದಕ್ಕಾದರೂ ಒಂದು ದಿನ ಗೊತ್ತು ಮಾಡಿದರು ಅಂದರೆ ಅದರ ತಿಥಿ ಹತ್ತಿರ ಬಂತು ಅಂತ ನನ್ನ ಲೆಕ್ಕ. (ರಾಜ್ಯೋತ್ಸವದ ಮಾತು ಇಲ್ಲಿ ಬೇಡ ಬಿಡಿ.)

ನಾನು ನಿವೃತ್ತ ಗಣಿತದ ಮೇಷ್ಟ್ರು, ನೋಟಿಸಿನ ಭಯವಿಲ್ಲ. ಆದರೂ ಹೋದೆ. ಮನೆಯ ಹಿತ್ತಲಲ್ಲಿ ಮಗಳ ಸೈಕಲ್ ಇತ್ತು. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಪುಕ್ಕಟೆ ಕೊಡುತ್ತಿತ್ತಲ್ಲ, ಕೊರೊನಾ ಬಂದಾಗ ನಿಂತುಹೋಯಿತಲ್ಲ, ಅದೇ ಸೈಕಲ್ಲು. ಪೇಟೆಯ ಸೈಕಲ್ ಶಾಪಿನ ಅಜ್ಜ ಎರಡೂ ಟೈರು ಹೊಸದು ಹಾಕಿ, ಚೈನಿಗೆ ಎಣ್ಣೆ ಬಿಟ್ಟು, “ಮೇಷ್ಟ್ರೇ, ಎಲ್ಲಿಗೆ?” ಅಂದ. “ವಿಹಾರಕ್ಕೆ” ಅಂದೆ. “ದುರ್ಗದಾಗ?” ಅಂದವನು ಮತ್ತೇನೂ ಕೇಳಲಿಲ್ಲ.

ಏಳು ಗಂಟೆಗೆ ಶುರುವಾಗಬೇಕಿದ್ದ ವಿಹಾರ ಒಂಬತ್ತರವರೆಗೆ ಒನಕೆ ಓಬವ್ವ ವೃತ್ತದಲ್ಲೇ ನಿರಾಳವಾಗಿ ನಿಂತಿತ್ತು. ಹೈಸ್ಕೂಲ್ ಹುಡುಗರು ಉಪ್ಪಿಟ್ಟು ತಿಂದು, ಒಂದು ಕಾಲು ನೆಲಕ್ಕೂರಿ, ಇನ್ನೊಂದನ್ನು ಪೆಡಲಿನ ಮೇಲಿಟ್ಟು ಕಾದರು. ಗಣ್ಯರು ಬಂದರು. ಆರು ಕಾರು. ಪರಿಸರದ ಮೇಲೆ ಮುಕ್ಕಾಲು ಗಂಟೆ ಭಾಷಣ, ಅಷ್ಟೂ ಹೊತ್ತು ಆರೂ ಕಾರಿನ ಎಂಜಿನ್ ಚಾಲೂ, ಒಳಗೆ ಎಸಿ ತಣ್ಣಗಿರಬೇಕಲ್ಲ. ಆಮೇಲೆ ಫೋಟೊ. ಮುಖ್ಯ ಅತಿಥಿಗಳು ಸೈಕಲ್ ಹತ್ತಿದರು. ಸ್ಟ್ಯಾಂಡ್ ಹಾಕಿತ್ತು. ಹಿಂದೆ ಇಬ್ಬರು ಕ್ಯಾರಿಯರ್ ಹಿಡಿದಿದ್ದರು. ಅತಿಥಿಗಳು ಜೋರಾಗಿಯೇ ತುಳಿದರು, ಹಿಂದಿನ ಗಾಲಿ ಗಾಳಿಯಲ್ಲಿ ಗಿರಗಿರನೆ ತಿರುಗಿತು. ಹಸಿರು ಬಾವುಟ ಬೀಸಿದರು. ಅವರು ಇಳಿದು ಕಾರು ಹತ್ತಿದರು.

ಅಲ್ಲಿಂದ ನಮ್ಮ ಪಾಡು.

ಕೋಟೆಯ ಗೈಡುಗಳು ಹೇಳುವ ಲೆಕ್ಕ ನಮಗೆಲ್ಲ ಬಾಯಿಪಾಠ: ಏಳು ಸುತ್ತು, 19 ಅಗಸೆ, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ. ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ದಾರಿಯನ್ನೇ ಹಾವಿನ ಹಾಗೆ ಹೊರಳಿಸಿದ್ದಾರೆ. ಮದಕರಿ ನಾಯಕನ ಕೋಟೆ 1779ರಲ್ಲಿ ಹೈದರಾಲಿಯ ಕೈ ಸೇರಿತು, ಕೋಟೆ ಕಟ್ಟುವ ವಿದ್ಯೆ ಮಾತ್ರ ಊರು ಬಿಟ್ಟು ಹೋಗಲಿಲ್ಲ. ಆ ಶಿಲ್ಪಿಗಳ ಮರಿಮಕ್ಕಳೇ ಈಗ ರಸ್ತೆ ಮಾಡಿಸುತ್ತಿದ್ದಾರೆ ಅಂತ ನನ್ನ ಬಲವಾದ ಗುಮಾನಿ. ಮೊದಲ ಸುತ್ತು, ಡಿವೈಡರ್. ಎರಡನೆಯದು, ಯಾವುದೋ ಪೈಪಿಗೆ ಅಗೆದು ಮಣ್ಣು ಮುಚ್ಚಿದ ಕಂದಕ. ಮೂರನೆಯದು ಹಂಪು. ಅದನ್ನು ಬಣ್ಣ ಬಳಿಯದೆ ಬಿಡುವುದರಲ್ಲೇ ಯುದ್ಧತಂತ್ರವಿದೆ. ಆಮೇಲಿನವನ್ನು ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಿ.ಡಿ. ರಸ್ತೆಯಲ್ಲಿ ಎದುರು ಬದಿಗೆ ದಾಟಬೇಕಿತ್ತು. ಡಿವೈಡರ್ ಮುಗಿಯುವುದನ್ನೇ ಕಾಯುತ್ತ ಹೋದೆ, ಹೋದೆ. ಕೊನೆಗೆ ಜನರೇ ಒಡೆದು ಮಾಡಿಕೊಂಡ ಒಂದು ಕಿಂಡಿ ಸಿಕ್ಕಿತು. ಕಿಂಡಿ ಅಂದಕೂಡಲೆ ದುರ್ಗದವನಿಗೆ ಎದೆ ಝಲ್ಲೆನ್ನಬೇಕು, ನನಗೆ ಅನ್ನಲಿಲ್ಲ. ತಲೆ ತಗ್ಗಿಸಿ ಸೈಕಲ್ ತೂರಿಸಿದೆ. ಆ ಕಡೆ ಒನಕೆ ಹಿಡಿದ ಓಬವ್ವ ಇರಲಿಲ್ಲ. ಕಬ್ಬಿಣದ ಸರಳುಗಳನ್ನು ಒಂದು ಮಾರು ಹೊರಚಾಚಿಕೊಂಡ ಲಗೇಜ್ ಆಟೊ ಬಂತು. ಆ ಮಹಾತಾಯಿ ಎಷ್ಟೋ ವಾಸಿ, ತಲೆಗೊಂದು ಏಟಿನಲ್ಲಿ ಮುಗಿಸುತ್ತಿದ್ದಳು.

ಬಾವುಟ ಬೀಸಿದವರಿಗೆ ಇದು ಗುಡ್ಡದ ಊರು ಅನ್ನುವುದೇ ಮರೆತಿತ್ತೋ ಏನೋ, ವಿಹಾರದ ದಾರಿಯನ್ನು ಹಳೇ ಊರಿನಿಂದ ಕೋಟೆ ಮುಂಭಾಗಕ್ಕೆ, ಅಲ್ಲಿಂದ ಚಂದ್ರವಳ್ಳಿಗೆ ಗೊತ್ತು ಮಾಡಿದ್ದರು. ಮಗಳ ಸೈಕಲ್ಲಿಗೆ ಗೇರಿಲ್ಲ. ಮುಂದಿನ ಹಲ್ಲುಚಕ್ರ ದೊಡ್ಡದು, ಹಿಂದಿನದು ಸಣ್ಣದು. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಎರಡು ಸುತ್ತಿಗೂ ಹೆಚ್ಚು ತಿರುಗಲೇಬೇಕು. ಬಯಲಿನಲ್ಲಿ ಅದು ಲಾಭ, ಏರಿನಲ್ಲಿ ಬಡ್ಡಿ. ಮೇಲೆ ಜೋಗಿಮಟ್ಟಿ ಕಡೆಯ ಗಾಳಿ ಬೇರೆ. ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಅದು ವಿದ್ಯುತ್ತು, ನನಗೆ ಎದುರು ನಿಂತು ಎದೆಗೆ ಕೈಯಿಟ್ಟು ನೂಕುವ ಆಳು. ರಂಗಯ್ಯನ ಬಾಗಿಲ ಹತ್ತಿರ ಇಳಿದೆ. ಮೊದಲು ತಳ್ಳಿದೆ. ಆಮೇಲೆ ಚರಂಡಿ ಬಾಯ್ತೆರೆದಿದ್ದ ಕಡೆ ಸೈಕಲ್ಲನ್ನು ಹೆಗಲಿಗೇರಿಸಿದೆ. ಬೇರೆ ಊರಲ್ಲಿ ಮನುಷ್ಯ ಸೈಕಲ್ ಹತ್ತುತ್ತಾನೆ.

“ಏನ್ ಮೇಷ್ಟ್ರೇ, ಮಾರಾಕಾ?” ಅಂದಳು ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಹೆಂಗಸು.

ಚಂದ್ರವಳ್ಳಿಗೆ ಇಳಿಯುವ ಇಳಿಜಾರಿನಲ್ಲಿ ಒಂದೈದು ನಿಮಿಷ ನಿಜವಾಗಿ ವಿಹಾರವಾಯಿತು, ಸುಳ್ಳು ಹೇಳಬಾರದು. ಸುತ್ತ ಬಂಡೆ, ಕೆರೆ, ಕಿವಿಯಲ್ಲಿ ಗಾಳಿ. ಇದೇ ಮಣ್ಣಿನಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ಅಗಸ್ಟಸ್ ಚಕ್ರವರ್ತಿಯ ನಾಣ್ಯವೂ ಸಿಕ್ಕಿದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಕಾಸಿಗೂ ಇಲ್ಲಿಗೆ ಬರುವ ದಾರಿಯಿತ್ತು ಎಂದಾಯಿತು. ಆಗ ಡಿವೈಡರ್ ಇರಲಿಲ್ಲ.

ಕೆರೆಯ ಬಳಿ ಶಾಮಿಯಾನ. ಗಣ್ಯರು ಆಗಲೇ ಬಂದು ಸಮಾರೋಪ ಮುಗಿಸಿ ಹೋಗಿದ್ದರು. ಪ್ರಮಾಣಪತ್ರದ ಕಟ್ಟಿನ ಮೇಲೆ ಕಲ್ಲು ಹೇರಿಟ್ಟು ಒಬ್ಬ ಹುಡುಗ ಕೂತಿದ್ದ. ಸಹಿ, ಮೊಹರು, ‘ಯಶಸ್ವಿಯಾಗಿ ಪೂರೈಸಿರುತ್ತಾರೆ’ ಎಲ್ಲವೂ ಅದರಲ್ಲಿತ್ತು. ಕೆಳಗಿನ ತಾರೀಕು ಜೂನ್ 2. “ಹೆಸರು ನೀವೇ ಬರ್ಕೊಳ್ರಿ ಸಾರ್, ಬೇಕಾದ್ರೆ ಮನೆಯವರ್‍ದೂ ಒಂದು ತಗೊಳ್ರಿ” ಅಂದ. ಎರಡು ತಂದೆ.

ಮರುದಿನ ಪೇಪರಿನಲ್ಲಿ ಫೋಟೊ ಬಂತು. ಅತಿಥಿಗಳ ಸೈಕಲ್ಲಿನ ಸ್ಟ್ಯಾಂಡನ್ನು ಅಂಚಿನಲ್ಲಿ ಚೆನ್ನಾಗಿ ಕತ್ತರಿಸಿದ್ದರು. ಪೇಪರು ಮಡಚಿಟ್ಟು, ಪೆಡಲ್ ಬಗ್ಗಿಹೋಗಿದ್ದ ಸೈಕಲ್ಲನ್ನು ತಳ್ಳಿಕೊಂಡು ಅಜ್ಜನ ಅಂಗಡಿಗೆ ಹೋದೆ. ಅವನು ಕನ್ನಡಕ ಏರಿಸಿ ಟೈರುಗಳನ್ನು ಉದ್ದಕ್ಕೂ ಬೆರಳಾಡಿಸಿ ನೋಡಿದ. ಆಮೇಲೆ ನನ್ನ ಕಾಲು ನೋಡಿದ.

“ಟೈರ್ ಹಾಕ್ದಂಗೇ ಐತೆ, ಒಂದ್ ನೂಲೂ ಸವೆದಿಲ್ಲ” ಅಂದ. “ಮೇಷ್ಟ್ರೇ, ಪಕ್ಕದಾಗೇ ಚಪ್ಪಲಿ ರಿಪೇರಿಯವನು ಕೂತಾನೆ, ಅಲ್ಲಿಗೆ ಹೋಗ್ರಿ.”