ಮನೆಯಲ್ಲಿ ಮಾಡಿದ ವಿಮಾನಕ್ಕೆ ಎಂಥ ಕಾನೂನು ಬೇಕು?

ಕಳೆದ ಬೇಸಿಗೆ ರಜದಲ್ಲಿ ಅಕ್ಕನ ಮಗನೂ ನಾನೂ ಸೇರಿ ತಿಪಟೂರಿನ ಮನೆ ಜಗುಲಿಯಲ್ಲಿ ಒಂದು ವಿಮಾನ ಮಾಡಿದೆವು. ಫೋಮ್ ಬೋರ್ಡ್, ಒಂದು ಕಾರ್ಬನ್ ರಾಡ್, ಗ್ಲೂ ಗನ್, ನಾಲ್ಕು ಪುಟ್ಟ ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಮೋಟರು), ಒಂದು ಮೋಟರ್, ಅದರ ವೇಗ ಹಿಡಿತದಲ್ಲಿಡುವ ಇಎಸ್‌ಸಿ, 2200 ಎಂಎಎಚ್ ಬ್ಯಾಟರಿ. ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದದ್ದು. ರಿಮೋಟ್ ಬಿಟ್ಟು ಸುಮಾರು 3,500 ರೂಪಾಯಿ ಆಯಿತು. ತೂಕ 800 ಗ್ರಾಂ.

ಮದುವೆ ಮನೆಗಳಲ್ಲಿ ನೋಡುವ ನಾಲ್ಕು ಫ್ಯಾನಿನ ಡ್ರೋನ್ ತನ್ನ ಭಾರವನ್ನೆಲ್ಲ ಮೋಟರಿನ ಬಲದಲ್ಲೇ ಎತ್ತಿ ಹಿಡಿಯಬೇಕು. ರೆಕ್ಕೆ ಇರುವ ವಿಮಾನಕ್ಕೆ ಆ ಕಷ್ಟವಿಲ್ಲ, ಗಾಳಿಯೇ ಹೊರುತ್ತದೆ. ಅದಕ್ಕೇ ಅಷ್ಟು ಚಿಕ್ಕ ಬ್ಯಾಟರಿಯಲ್ಲಿ ನಮ್ಮದು ಇಪ್ಪತ್ತು ನಿಮಿಷ ಹಾರಿತು. ಆದರೆ ಭಾರದ ಕೇಂದ್ರ ಸರಿಯಿರಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದ ಹತ್ತಿರ ಬೆರಳಿಟ್ಟು ಎತ್ತಿದರೆ ವಿಮಾನ ಸಮವಾಗಿ ನಿಲ್ಲಬೇಕು. ನಮ್ಮದು ಮೊದಲು ಹಿಂದಕ್ಕೆ ವಾಲುತ್ತಿತ್ತು. ಕೈಯಿಂದ ಎಸೆದ ಕೂಡಲೇ ಮೂತಿ ಎತ್ತಿ ಬಿತ್ತು. ಮೂರು ಸಲ ಬಿದ್ದ ಮೇಲೆ ಬ್ಯಾಟರಿ ಮುಂದಕ್ಕೆ ಸರಿಸಿದ್ದು ಹುಡುಗನೇ. ಹತ್ತನೇ ಕ್ಲಾಸಿನ ಹುಡುಗ ಟಾರ್ಕ್ (ತಿರುಗಿಸುವ ಬಲ) ಅಂದರೇನು ಅಂತ ಆ ಸಂಜೆ ಕಲಿತ.

ಐದನೇ ಹಾರಾಟದಲ್ಲಿ ಸಿಗ್ನಲ್ ಹೋಯಿತು. ಸಿಗ್ನಲ್ ಹೋದರೆ ಮೋಟರ್ ತಾನೇ ನಿಲ್ಲುವ ಏರ್ಪಾಡು, ಫೇಲ್‌ಸೇಫ್, ನಾನು ಸೆಟ್ ಮಾಡಿರಲಿಲ್ಲ. ಮೋಟರ್ ನಿಲ್ಲಲಿಲ್ಲ. ವಿಮಾನ ಕೆರೆ ಅಂಗಳ ದಾಟಿ, ರಸ್ತೆ ದಾಟಿ, ತೆಂಗಿನ ತೋಟದಲ್ಲಿ ಒಂದು ಮರದ ಗರಿಗೆ ಸಿಕ್ಕಿಕೊಂಡಿತು. ಅದು ಹೋದ ದಾರಿಯಲ್ಲೇ ಎರಡು ನಿಮಿಷದ ಹಿಂದೆ ಬೈಕಿನಲ್ಲಿ ಗಂಡ, ಹೆಂಡತಿ, ಮಗು ಹೋಗಿದ್ದರು. ಮನೆಗೆ ಬಂದು ಲೆಕ್ಕ ಹಾಕಿದೆ. 800 ಗ್ರಾಂ, ಗಂಟೆಗೆ 54 ಕಿ.ಮೀ. ವೇಗ. ಸುಮಾರು 90 ಜೂಲ್. ಗಂಟೆಗೆ 120 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿಗೂ ಹೆಚ್ಚುಕಮ್ಮಿ ಅಷ್ಟೇ ಶಕ್ತಿ. ಅದು ಹೆಲ್ಮೆಟ್ ಇಲ್ಲದ ತಲೆಗೆ ಬಡಿದಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಕಾನೂನೇ ಬೇಡ ಎನ್ನುವವರ ಜೊತೆ ನಾನಿಲ್ಲ. ಕಾನೂನು ಬೇಕು. ಎಂಥದ್ದು ಅನ್ನುವುದೇ ಪ್ರಶ್ನೆ.

2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್ ದಾಳಿ ಆಯಿತು. ಇನ್ನು ಎಲ್ಲ ಬಂದ್ ಅಂದುಕೊಂಡವರೇ ಜಾಸ್ತಿ. ಎರಡೇ ತಿಂಗಳಲ್ಲಿ, ಆಗಸ್ಟ್ 25ಕ್ಕೆ, ಹೊಸ ಡ್ರೋನ್ ನಿಯಮ ಬಂತು. ಅದು ಮೊದಲಿಗಿಂತ ಸಡಿಲವಾಗಿತ್ತು! 25 ಅರ್ಜಿ ನಮೂನೆಗಳು 5ಕ್ಕೆ ಇಳಿದವು. ಹಸಿರು ವಲಯದಲ್ಲಿ, ಅಂದರೆ ಹಾರಾಟಕ್ಕೆ ತೆರೆದ ಜಾಗದಲ್ಲಿ, 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದಲ್ಲಾದರೆ 200 ಅಡಿ. ಕಲಿಕೆಗೋ ಖುಷಿಗೋ ಕಣ್ಣಳತೆಯಲ್ಲಿ ಹಾರಿಸುವ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ (ಮಾಡೆಲ್ ಪರೀಕ್ಷೆಯಲ್ಲಿ ಪಾಸಾದ ಪತ್ರ) ಬೇಡ. ನೋಂದಣಿ ಸಂಖ್ಯೆ ಬೇಕು, ಅದಕ್ಕೆ 100 ರೂಪಾಯಿ. ಎರಡು ಕಿಲೋ ಒಳಗಿನದನ್ನು ದುಡ್ಡಿಗಲ್ಲದೆ ಹಾರಿಸುವವನಿಗೆ ಪೈಲಟ್ ಸರ್ಟಿಫಿಕೇಟೂ ಬೇಡ. ದಾಳಿಯ ಬಿಸಿ ಆರುವ ಮುಂಚೆ ಇಷ್ಟು ಸಮಾಧಾನದಿಂದ ಯೋಚಿಸಿದ್ದಕ್ಕೆ ನನಗೆ ನಿಜಕ್ಕೂ ಗೌರವ ಇದೆ.

2025ರ ಸೆಪ್ಟೆಂಬರಿನಲ್ಲಿ ಬಂದ ನಾಗರಿಕ ಡ್ರೋನ್ ಮಸೂದೆಯ ಕರಡು ಓದಿದಾಗ ಅದಕ್ಕೇ ಬೇಜಾರಾಯಿತು. ತಯಾರಿಕೆಗೂ ಮಾರಾಟಕ್ಕೂ ಟೈಪ್ ಸರ್ಟಿಫಿಕೇಟ್ ಕಡ್ಡಾಯ ಎನ್ನುವ ಕಡೆಗೆ ಅದರ ವಾಲು. ಜೈಲಿನ ಮಾತೂ ಇದೆ. ಟೈಪ್ ಸರ್ಟಿಫಿಕೇಟ್ ಅಂದರೆ ಒಂದು ಮಾಡೆಲ್ಲನ್ನು ಪರೀಕ್ಷೆಗೆ ಕೊಟ್ಟು ಪಾಸ್ ಮಾಡಿಸುವುದು. ಸಾವಿರಗಟ್ಟಲೆ ಮಾರುವ ಕಂಪನಿಗೆ ಸರಿ. ನಮ್ಮ ವಿಮಾನ ವಾರಕ್ಕೊಂದು ಮಾಡೆಲ್. ಈ ವಾರ ರೆಕ್ಕೆ ಎರಡಿಂಚು ಉದ್ದ, ಮುಂದಿನ ವಾರ ಬಾಲ ಬೇರೆ. ಯಾವುದನ್ನು ಪರೀಕ್ಷೆಗೆ ಕೊಡಬೇಕು?

ಇನ್ನೊಂದು ಮಾತು. ಕೆಟ್ಟ ಉದ್ದೇಶ ಇರುವವನು ಸರ್ಟಿಫಿಕೇಟ್ ಕೇಳುವುದಿಲ್ಲ. 2018ರ ಜನವರಿಯಲ್ಲಿ ಸಿರಿಯಾದಲ್ಲಿರುವ ರಷ್ಯಾದ ಖ್ಮೇಮಿಮ್ ವಾಯುನೆಲೆಗೆ ನುಗ್ಗಿದ ಡ್ರೋನುಗಳು ಪ್ಲೈವುಡ್ಡು, ಟೇಪಿನಿಂದ ಮಾಡಿದವು. ಪ್ಲೈವುಡ್ಡಿಗೆ ಲೈಸೆನ್ಸ್ ತರಲು ಆಗುತ್ತಾ? ಎಲ್ಲಿ ಹಾರುತ್ತಿದೆ, ಎಷ್ಟು ಎತ್ತರ, ಯಾರದ್ದು ಅನ್ನುವುದನ್ನು ಹಿಡಿಯಬೇಕು. ಅನುಮತಿ ಇಲ್ಲದೆ ಹಾರಿಸಬಾರದ ಕೆಂಪು ವಲಯದಲ್ಲಿ, ಜಾತ್ರೆಯ ಮೇಲೆ, ರಸ್ತೆ ಮೇಲೆ ಹಾರಿಸಿದವನಿಗೆ ದಂಡ ಜೋರಾಗಿಯೇ ಇರಲಿ. ನನಗೂ ಬೀಳಲಿ.

ರೇಡಿಯೊ ವಿಷಯದಲ್ಲೂ ಇದೇ ತೊಂದರೆ. ಟೆಲಿಮೆಟ್ರಿಗೆ, ಅಂದರೆ ಹಾರುವ ವಿಮಾನದಿಂದ ಮಾಹಿತಿ ಪಡೆಯಲು, 915 ಮೆಗಾಹರ್ಟ್ಜ್ ಮಾಡ್ಯೂಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದು ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಮುಕ್ತ ಬ್ಯಾಂಡ್ ಅಲ್ಲ, 865ರಿಂದ 868 ಮುಕ್ತ. ಇದನ್ನು ಕೊಳ್ಳುವ ಹುಡುಗನಿಗೆ ಯಾರೂ ಹೇಳುವುದಿಲ್ಲ. ಡಬ್ಬಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದರೆ ಸಾಕು, ಅಲ್ವಾ?

ಬಿದ್ದ ಕೂಡಲೇ ಅಪರಾಧ ಅನ್ನುವುದೂ ಬೇಡ. ಡಿಆರ್‌ಡಿಒದ ಪೈಲಟ್ ಇಲ್ಲದ ವಿಮಾನ ತಪಸ್ ಕೂಡ 2023ರ ಆಗಸ್ಟಿನಲ್ಲಿ ಹಿರಿಯೂರು ಕಡೆ ಹೊಲದಲ್ಲಿ ಬಿತ್ತು. ಬೀಳುವುದು ಈ ಕೆಲಸದ ಭಾಗ. ಖಾಲಿ ಜಾಗದಲ್ಲಿ ಬೀಳುವಂತೆ ನೋಡಿಕೊಳ್ಳಬೇಕು, ಅಷ್ಟೇ.

ಇದನ್ನೆಲ್ಲ ಬರೆದು ಸರ್ಕಾರಕ್ಕೂ ಕಳಿಸಿದ್ದೇನೆ. ಎರಡು ಕಿಲೋ ಒಳಗಿನ, ಮಾರಾಟಕ್ಕಲ್ಲದ ವಿಮಾನಗಳನ್ನು ಟೈಪ್ ಸರ್ಟಿಫಿಕೇಟಿನಿಂದ ಬಿಡಿ ಅಂತ ಮೊದಲ ಕೋರಿಕೆ. ಪ್ರತಿ ತಾಲ್ಲೂಕಿನಲ್ಲೂ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹಾರಿಸಲು ಒಂದು ಬಯಲು ಗುರುತಿಸಿ ಅಂತ ಎರಡನೆಯದು. ತೆಂಗಿನ ಮರದಿಂದ ವಿಮಾನ ಇಳಿಸಿಕೊಟ್ಟ ತೋಟದವರು ಅವತ್ತು ಬೈಯಲಿಲ್ಲ. "ಮಕ್ಳು ಕಲೀಲಿ ಸ್ವಾಮಿ, ಆದ್ರೆ ಜನ ಇಲ್ದಿರೋ ಕಡೆ ಬಿಡ್ರಿ" ಅಂದರು. ಪತ್ರದ ಕೊನೆಯಲ್ಲಿ ಆ ಮಾತನ್ನೂ ಸೇರಿಸಿದ್ದೇನೆ.