ಬೂಟ್ ಕ್ಯಾಂಪ್‌ನ ಮೊದಲ ದಿನ ನೂರು ಬಸ್ಕಿ ಬೇಡ

ಕಾಲೇಜಲ್ಲಿ ಬೂಟ್ ಕ್ಯಾಂಪ್, ಅಂದರೆ ಗುಂಪಾಗಿ ಮಾಡೋ ವ್ಯಾಯಾಮ ಶಿಬಿರ, ಮಾಡಿಸೋಕೆ ಹೊರಟಿರೋ ಪಿ.ಟಿ. ಮೇಷ್ಟ್ರುಗಳಿಗೆ, ಎನ್‌ಸಿಸಿ ಸೀನಿಯರ್‌ಗಳಿಗೆ ಒಂದೇ ಕೋರಿಕೆ. ಮೊದಲ ದಿನ ನೂರು ಬಸ್ಕಿ ಹೊಡೆಸಬೇಡಿ. ತಡವಾಗಿ ಬಂದವರಿಗೆ ಶಿಕ್ಷೆ ಅಂತಲೂ ಬೇಡ.

ಪಿಯುಸಿಯ ಎರಡು ವರ್ಷ ಬೆಂಚು, ಟ್ಯೂಷನ್, ಬಸ್ಸು ಅಂತ ಕೂತೇ ಕಳೆದ ಮಕ್ಕಳು ಇವರು. ಬಸ್ಕಿಯಲ್ಲಿ ಏಳೋದಕ್ಕಿಂತ ಇಳಿಯುವಾಗಲೇ ತೊಡೆಗೆ ಪೆಟ್ಟು ಜಾಸ್ತಿ. ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದ ಆಗಬೇಕು, ರೂಢಿ ಇಲ್ಲದ ಎಳೆಗಳು ಅಲ್ಲೇ ಸಣ್ಣ ಸಣ್ಣದಾಗಿ ಹರಿಯುತ್ತವೆ. ಅವತ್ತು ಏನೂ ಗೊತ್ತಾಗಲ್ಲ. ನೋವು ಜೋರಾಗೋದು 24ರಿಂದ 72 ಗಂಟೆಯೊಳಗೆ. ಸೋಮವಾರ ನಗ್ತಾ ಹೋದ ಹುಡುಗ ಬುಧವಾರ ಹಾಸ್ಟೆಲ್ ಮೆಟ್ಟಿಲ ಕಂಬಿ ಹಿಡಿದು ಅಡ್ಡಡ್ಡ ಇಳೀತಾನೆ. ಆಮೇಲೆ ಮೈದಾನದ ಕಡೆ ತಲೆ ಹಾಕಲ್ಲ. ಅವನು ಸೋಮಾರಿ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ, ಅದು ಅನ್ಯಾಯ.

ಕೆಲವು ಸಲ ಇದು ಬರೀ ನೋವಲ್ಲಿ ಮುಗಿಯಲ್ಲ. ಸ್ನಾಯು ವಿಪರೀತ ಹರಿದರೆ ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಯನ್ನೇ ಕೆಡಿಸಬಹುದು. ಡಾಕ್ಟರುಗಳು ಇದನ್ನ ರಾಬ್ಡೊಮಯೊಲಿಸಿಸ್ ಅಂತಾರೆ. ತೊಡೆ ಊದಿ ಕಲ್ಲಿನ ಹಾಗಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನಾಳೆ ನೋಡೋಣ ಅನ್ನಬೇಡಿ, ತಕ್ಷಣ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಕೊಡಲೇಬೇಡಿ, ಅದು ಕಿಡ್ನಿಗೆ ಇನ್ನೊಂದು ಹೊರೆ.

ಹಾಗಾದರೆ ಮೊದಲ ದಿನ ಏನು ಮಾಡಿಸೋದು? 60 ಜನ ಇದ್ದಾರೆ ಅಂದುಕೊಳ್ಳಿ. ಹತ್ತು ಹತ್ತು ಜನರ ಆರು ಗುಂಪು, ಮೈದಾನದಲ್ಲಿ ಆರು ಜಾಗ. ಹತ್ತು ನಿಮಿಷ ಮೈ ಬಿಸಿ ಮಾಡಿ: ಚುರುಕು ನಡಿಗೆ, ಮಂಡಿ ಎತ್ತಿ ಹೆಜ್ಜೆ, ತೋಳು ತಿರುಗಿಸೋದು, ಸೊಂಟ ಆಡಿಸೋದು. ನಿಂತಲ್ಲೇ ಕಾಲು ಎಳೆದು ಹಿಡಿಯೋ ಸ್ಟ್ರೆಚ್ ಕೊನೆಗಿರಲಿ. ಆಮೇಲೆ ಪ್ರತಿ ಜಾಗದಲ್ಲೂ 20 ಸೆಕೆಂಡ್ ಕೆಲಸ, 40 ಸೆಕೆಂಡ್ ಬಿಡುವು. ಬೆಂಚಿನ ಮೇಲೆ ಕೂತು ಏಳೋದು. ಕಟ್ಟೆಗೆ ಕೈಯೂರಿ ದಂಡ (ಪುಷ್-ಅಪ್). ಅಂಗಾತ ಮಲಗಿ ಸೊಂಟ ಎತ್ತೋದು. ಮಂಡಿ, ಮೊಣಕೈ ಊರಿ ಮೈ ನೇರ ಹಿಡಿಯೋ ಪ್ಲ್ಯಾಂಕ್. ಆರೆಂಟು ಇಂಚಿನ ಮೆಟ್ಟಿಲು ಹತ್ತಿ ಇಳಿಯೋದು. ಪುಸ್ತಕ ತುಂಬಿದ ನಾಲ್ಕೈದು ಕೆ.ಜಿ. ಬ್ಯಾಗನ್ನ, ಬೆನ್ನು ನೇರ ಇಟ್ಟು ಸೊಂಟ ಹಿಂದಕ್ಕೆ ತಳ್ಳಿ, ನೆಲದಿಂದ ಎತ್ತೋದು. ಎರಡು ಸುತ್ತು, ನಡುವೆ ಎರಡು ನಿಮಿಷ. ಅಲ್ಲಿಗೆ ಸಾಕು.

ಲೆಕ್ಕ ಹಾಕಿದರೆ ಒಬ್ಬೊಬ್ಬರು ನಿಜವಾಗಿ ಕೆಲಸ ಮಾಡಿದ್ದು ನಾಲ್ಕೇ ನಿಮಿಷ. ಇಷ್ಟೇನಾ ಅಂತ ಹುಡುಗರು ಕೇಳ್ತಾರೆ, ಕೇಳಲಿ. ವಾರಕ್ಕೆ ಮೂರು ದಿನ, ಸೋಮ ಬುಧ ಶುಕ್ರ. ಎರಡನೇ ವಾರ ಮೂರು ಸುತ್ತು. ಮೂರನೇ ವಾರ ಸುತ್ತು ಮೂರೇ ಇರಲಿ, 30 ಸೆಕೆಂಡ್ ಕೆಲಸ 30 ಸೆಕೆಂಡ್ ಬಿಡುವು ಮಾಡಿ. ಆಗ ನಾಲ್ಕು ನಿಮಿಷ ಒಂಬತ್ತಾಗಿರುತ್ತೆ, ಎರಡು ಪಟ್ಟಿಗಿಂತ ಜಾಸ್ತಿ! ನಾಲ್ಕನೇ ವಾರ ಸಮಯ ಮುಟ್ಟಬೇಡಿ, ದಂಡದ ಕಟ್ಟೆಯನ್ನ ಒಂದು ಮೆಟ್ಟಿಲು ಕೆಳಗೆ ತನ್ನಿ. ಒಂದು ವಾರಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ನೋವು ಯಾವುದರಿಂದ ಬಂತು ಅಂತ ಗೊತ್ತೇ ಆಗಲ್ಲ.

ದಂಡದಲ್ಲಿ ಎಲ್ಲರೂ ಮಾಡೋ ತಪ್ಪು, ಸೊಂಟ ಜೋತು ಬಿಡೋದು, ಮೊಣಕೈ ಪಕ್ಕಕ್ಕೆ ಚಾಚೋದು. ಅದು ಶುರುವಾದ ಕೂಡಲೇ ನಿಲ್ಲಿಸಿ, 20 ಸೆಕೆಂಡ್ ತುಂಬಿಲ್ಲದಿದ್ದರೂ ಸರಿ. ಎಣಿಕೆ ಗಟ್ಟಿಯಾಗಿ ಕೂಗಿಸೋದನ್ನೂ ಬಿಡಿ, ಪಕ್ಕದವರ ಲೆಕ್ಕ ಕೇಳಿ ಅರ್ಧಂಬರ್ಧ ಮಾಡೋಕೆ ಶುರು ಮಾಡ್ತಾರೆ.

ಓಟ ಶನಿವಾರ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಆರು ಸಲ. ಓಡ್ತಾ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗದಿದ್ದರೆ ವೇಗ ಜಾಸ್ತಿಯಾಯ್ತು ಅಂತ. ಪೊಲೀಸ್ ಆಯ್ಕೆಗೆ 1,600 ಮೀಟರ್ ಅಭ್ಯಾಸ ಮಾಡೋರು ಡಾಂಬರು ರಸ್ತೆಯಲ್ಲೇ ದಿನಾ ಓಡಿ ಕಾಲು ಕೆಡಿಸಿಕೊಳ್ತಾರೆ. ಮೊಣಕಾಲಿನ ಕೆಳಗೆ ಮೂಳೆಯ ಒಳ ಅಂಚಿನುದ್ದಕ್ಕೂ ನೋವಿದ್ದರೆ ಓಟ ಕಡಿಮೆ ಮಾಡಿ, ಮಣ್ಣಿನ ಮೈದಾನಕ್ಕೆ ಬನ್ನಿ. ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಳುಕ್ ಅಂದರೆ ಮೂಳೆ ಬಿರುಕಿನ ಅನುಮಾನ, ಡಾಕ್ಟರಿಗೆ ತೋರಿಸಿ.

ಶುರು ಮಾಡೋ ಮೊದಲು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕು. ಓಡುವಾಗ ಎದೆನೋವು, ತಲೆಸುತ್ತು ಬಂದಿದೆಯಾ, ಉಬ್ಬಸ ಇದೆಯಾ, ಮನೆಯಲ್ಲಿ ಚಿಕ್ಕ ವಯಸ್ಸಲ್ಲೇ ಹೃದಯದಿಂದ ಯಾರಾದರೂ ತೀರಿಕೊಂಡಿದ್ದಾರಾ, ಈಚೆಗೆ ಜ್ವರ ಬಂದಿತ್ತಾ. ಜ್ವರ ಇದ್ದವರಿಗೆ ಕ್ಯಾಂಪ್ ಇಲ್ಲ, ಅಷ್ಟೇ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುತ್ತೆ. ಎರಡನೇ ಸುತ್ತಿಗೇ ಏದುಸಿರು ಬಿಡೋ ಹುಡುಗಿಗೆ ಇನ್ನೂ ಜೋರು ಅಂತ ಕೂಗೋ ಬದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಔಷಧಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೋದೂ ಬೇಡ, ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು, ಮುಗಿದ ಮೇಲೆ ಎರಡು ಮೊಟ್ಟೆಯೋ ಕಡಲೆ ಉಸ್ಲಿಯೋ. ಪ್ರೋಟೀನ್ ಪುಡಿಗೆ ಹಾಕೋ ದುಡ್ಡು ಹಾಸ್ಟೆಲ್ ಹುಡುಗರಿಗೆ ದಂಡ.

ನಮ್ಮ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ಜಂಬಿಟ್ಟಿಗೆ ಕಟ್ಟೆ, ಮೆಟ್ಟಿಲ ಮೇಲೆ ಪಾಚಿ ಹಿಡಿದಿರುತ್ತೆ, ದಂಡಕ್ಕೆ ಕೈಯೂರಿದವನು ಮುಖ ಅಡಿ ಮಾಡಿ ಬೀಳ್ತಾನೆ. ವರಾಂಡಕ್ಕೆ ಬನ್ನಿ, ಆದರೆ ಟೈಲ್ಸ್ ಒರೆಸಿಯೇ ಶುರು ಮಾಡಿ. ತೇವದ ಗಾಳಿಯಲ್ಲಿ ಬೆವರು ಆರಲ್ಲ, ಮೈ ತಣಿಯಲ್ಲ. ಚಳಿ ಇದೆಯಲ್ಲಾ ಅಂತ ನೀರು ಮರೆಯಬೇಡಿ. ನೆಂದ ಶೂ ಒಳಗೆ ಹಳೇ ಪೇಪರ್ ಮುದ್ದೆ ಮಾಡಿ ತುಂಬಿ, ಎರಡು ಮೂರು ಸಲ ಬದಲಿಸಿ.

ಐದನೇ ವಾರಕ್ಕೆ ಮೈ ಹಗುರಾಗಿ ಗುಡ್ಡ ಹತ್ತೋಣ ಸರ್ ಅಂತ ಹುಡುಗರೇ ಕೇಳ್ತಾರೆ. ಆದರೆ ಕಾಡಿನ ಉಣ್ಣೆ ಹುಳ ಕಚ್ಚಿ ಹರಡೋ ಮಂಗನ ಕಾಯಿಲೆ ನೆನಪಿರಲಿ. ಅದು 1957ರಲ್ಲಿ ಮೊದಲು ಪತ್ತೆಯಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ನಮ್ಮ ಜಿಲ್ಲೆಯಲ್ಲೇ. ಮಳೆ ಕಳೆದು ಚಳಿ ಶುರುವಾದಾಗಿನಿಂದ ಮುಂದಿನ ಮಳೆ ಹಿಡಿಯೋ ತನಕ ಉಣ್ಣೆಗಳ ಕಾಟ. ಮಂಗ ಸತ್ತ ಸುದ್ದಿ ಇರೋ ಕಡೆ ಉಣ್ಣೆ ಕಚ್ಚದಿರಲಿ ಅಂತ ಹಚ್ಚೋ ಡೆಪಾ ಎಣ್ಣೆ ಹಚ್ಚಿಕೊಂಡೂ ಮಕ್ಕಳನ್ನ ಓಟಕ್ಕೆ ಕರೆದುಕೊಂಡು ಹೋಗಬೇಡಿ. ಆ ತಿಂಗಳುಗಳಲ್ಲಿ ಕಾಲೇಜಿನ ಮೆಟ್ಟಿಲನ್ನೇ ಗುಡ್ಡ ಮಾಡಿಕೊಳ್ಳಿ. ಹತ್ತುವಾಗ ಚುರುಕಾಗಿ, ಇಳಿಯುವಾಗ ನಡೆದು, ಮೊದಲ ದಿನ ಐದೇ ಸಲ. ಇಳಿಯೋದೇ ತೊಡೆಗೆ ಹೊಡೆತ ಅನ್ನೋದು ಇಲ್ಲೂ ಅಷ್ಟೇ.