ಅಂಗೈಯಗಲದ ತುಂಡನ್ನು ನಂಬಿದರೆ

ಅಡುಗೆಮನೆಯ ಕಬೋರ್ಡ್ ಬಾಗಿಲಿಗೆ ಅಂಟಿಸುವ ಲ್ಯಾಮಿನೇಟ್ ಹಾಳೆ ಕೊಳ್ಳಲು ಹೋದರೆ ಅಂಗಡಿಯಲ್ಲಿ ಕೈಗೆ ಕೊಡುವ ತುಂಡು ಅಂಗೈಯಗಲ. ಅಷ್ಟರಲ್ಲಿ ಯಾವ ಬಣ್ಣವೂ ಸಂಭಾವಿತನಂತೆಯೇ ಕಾಣುತ್ತದೆ. ತಿಳಿ ಬೂದು ಎಂದು ಆರಿಸಿ ತಂದದ್ದು 12 ಬಾಗಿಲಿಗೆ ಹರಡಿಕೊಂಡ ಮೇಲೆ ಅಡುಗೆಮನೆಗೆ ಸಿಮೆಂಟ್ ಗೋದಾಮಿನ ಕಳೆ ಬರುತ್ತದೆ. ಅಂಗಡಿಯ ದೀಪ ಸಾಮಾನ್ಯವಾಗಿ 4000 ಕೆಲ್ವಿನ್ ದಾಟಿದ ಬಿಳಿ, ಮನೆಯದ್ದು 2700ರ ಹಳದಿಯಾದರೆ ಅದೇ ಬೂದು ಬೇರೆಯೇ ವೇಷ ಹಾಕುತ್ತದೆ. ಸಾಲದ್ದಕ್ಕೆ ತುಂಡನ್ನು ಎಲ್ಲರೂ ಮೇಜಿನ ಮೇಲೆ ಮಲಗಿಸಿಯೇ ನೋಡುವುದು. ಕಬೋರ್ಡ್ ಬಾಗಿಲೋ ಜೀವಮಾನವಿಡೀ ನಿಂತೇ ಇರುತ್ತದೆ. ಎ4 ಹಾಳೆಯಷ್ಟಾದರೂ ತುಂಡು ಕೇಳಿ ತನ್ನಿ. ಬಾಗಿಲಿನದ್ದನ್ನು ನಿಲ್ಲಿಸಿ, ಕಟ್ಟೆಯದ್ದನ್ನು ಮಲಗಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಇನ್ನೊಮ್ಮೆ ನೋಡಿ.

ಕಟ್ಟೆಯ ಕಲ್ಲಿನ ತುಂಡಿಗೆ ನೋಟವೊಂದೇ ಸಾಲದು. ಅದನ್ನು ಪೊಲೀಸರ ಹಾಗೆ ರಾತ್ರಿಯಿಡೀ ವಿಚಾರಣೆಗೆ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಹನಿ: ನೀರು, ಎಣ್ಣೆ, ಚಹಾ, ನಿಂಬೆರಸ. ನೀರನ್ನು 10 ನಿಮಿಷ ಬಿಟ್ಟು ಒರೆಸಿ. ಆ ಜಾಗ ಕಪ್ಪಾಗಿದ್ದರೆ ಕಲ್ಲು ಹೀರುತ್ತಿದೆ, ಅದನ್ನು ತಡೆಯುವ ಲೇಪ, ಅಂದರೆ ಸೀಲರ್ ಬೇಕು. ಮಿಕ್ಕವು ಬೆಳಗಿನವರೆಗೆ ಇರಲಿ. ಅಮೃತಶಿಲೆಯಾದರೆ ನಿಂಬೆ ಬಿದ್ದ ಕಡೆ ಹೊಳಪು ಸತ್ತಿರುತ್ತದೆ. ಅದನ್ನು ಕಲೆ ಎಂದುಕೊಂಡು ಉಜ್ಜುವವರು ಉಜ್ಜುತ್ತಲೇ ಇರುತ್ತಾರೆ, ಹೋಗುವುದಿಲ್ಲ. ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನೇ ಹುಳಿ ತಿಂದು ಹಾಕಿದೆ. ಸೀಲರ್ ಹಚ್ಚಿದರೂ ಈ ತಿನ್ನುವಿಕೆ ನಿಲ್ಲದು, ಬಣ್ಣ ಒಳಕ್ಕಿಳಿಯುವುದು ತಡವಾಗುತ್ತದೆ ಅಷ್ಟೆ. ಕಡುಗಪ್ಪು ಗ್ರಾನೈಟಿಗೆ ಇನ್ನೊಂದು ಪ್ರಶ್ನೆ ಬಾಕಿಯಿದೆ: ಬಿಳಿ ಬಟ್ಟೆಗೆ ಅಸಿಟೋನ್ ತಾಗಿಸಿ ತಿಕ್ಕಿ. ಬಟ್ಟೆ ಕಪ್ಪಾಯಿತೋ, ತಲೆಗೂದಲಿಗೆ ಹಾಕುವ ಹಾಗೆ ಕಲ್ಲಿಗೂ ಡೈ ಹಾಕಿದ್ದಾರೆ.

ಕ್ವಾರ್ಟ್ಜ್ ಎಂದು ಮಾರುವ ಕಾರ್ಖಾನೆಯ ಕಟ್ಟೆಕಲ್ಲು ಈ ಪರೀಕ್ಷೆಗಳಲ್ಲೆಲ್ಲ ಬಹುಮಟ್ಟಿಗೆ ಪಾಸಾಗುತ್ತದೆ. ಅದರ ಗುಟ್ಟು ಬೇರೆ: ತೂಕದಲ್ಲಿ ಶೇ. 90ರಷ್ಟು ಕಲ್ಲಿನ ಪುಡಿ, ಹಿಡಿದಿಟ್ಟಿರುವುದು ಪ್ಲಾಸ್ಟಿಕ್ಕಿನಂಥ ಅಂಟು, ರೆಸಿನ್. ಒಲೆಯಿಂದ ಇಳಿಸಿದ ಬಾಣಲೆ 200 ಡಿಗ್ರಿ ದಾಟಿರಬಹುದು. ರೆಸಿನ್ 150ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಬಾಣಲೆ ಎತ್ತಿದಾಗ ಕೆಳಗೆ ಹಳದಿ ಮೊಹರು.

ಇನ್ನು ಪ್ಲೈವುಡ್. 'ಎಂಆರ್' ಅಂದರೆ ತೇವಾಂಶ ತಡೆದೀತು ಎಂದಷ್ಟೇ ಅರ್ಥ; ಅದನ್ನು ವಾಟರ್‌ಪ್ರೂಫ್ ಎಂದು ಓದಿಕೊಂಡು ಸಿಂಕಿನ ಕೆಳಗೆ ಹಾಕಿಸುವವರು ಬಹಳ. ಸಿಂಕಿನ ಸುತ್ತ ಬೇಕಾದದ್ದು ಫೀನಾಲ್ ಅಂಟಿನ ಬಿಡಬ್ಲ್ಯುಪಿ, ಅಂದರೆ ಕುದಿನೀರಿಗೂ ಜಗ್ಗದ ದರ್ಜೆ. 72 ಗಂಟೆ ಕುದಿಸಿದರೂ ಅದರ ಪದರ ಬಿಡಬಾರದು. ಮನೆಯಲ್ಲಿ ಮೂರು ದಿನ ಪ್ಲೈವುಡ್ ಬೇಯಿಸುವ ಅಗತ್ಯವಿಲ್ಲ. ಸಣ್ಣ ತುಂಡೊಂದನ್ನು ಹಳೇ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಸಿದರೆ ಕೆಟ್ಟ ಅಂಟಿನದ್ದು ತಾನಾಗಿಯೇ ಬಾಯಿ ಬಿಡುತ್ತದೆ.

ಒಳ್ಳೇ ಪ್ಲೈವುಡ್ಡನ್ನೂ ಹಾಳುಮಾಡುವ ದಾರಿಗಳಿವೆ. ಹೊರಗೆ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿ, ಒಳಗೆ ಯಾರು ನೋಡುತ್ತಾರೆ ಎಂದು ಬರೀ ಪೇಂಟ್ ಹೊಡೆಸಿದರೆ ಎರಡು ಮೈಯೂ ಒಂದೇ ಸಮ ಹಿಗ್ಗಿ ಕುಗ್ಗುವುದಿಲ್ಲ. ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಆಮೇಲೆ ಬೈಗುಳವೆಲ್ಲ ಪಾಪದ ಹಿಂಜಿಗೆ. ಬಾಗಿಲಿನ ಕೆಳ ಅಂಚು ಕಣ್ಣಿಗೆ ಬೀಳುವುದಿಲ್ಲವೆಂದು ಬಡಗಿ ಅಲ್ಲಿಗೆ ಅಂಚು ಮುಚ್ಚುವ ಪಟ್ಟಿ, ಎಡ್ಜ್ ಬ್ಯಾಂಡ್ ಹಚ್ಚದೆ ಬಿಡುವುದೂ ಉಂಟು. ಸಿಂಕಿನಿಂದ ಸೋರಿದ ಹನಿ ಇಳಿದು ಬಂದು ನಿಲ್ಲುವುದು ಸರಿಯಾಗಿ ಅಲ್ಲೇ. ಬಾಗಿಲ ಕೆಳಗೆ ಬೆರಳಾಡಿಸಿ ನೋಡಿಯೇ ಲೆಕ್ಕ ಚುಕ್ತಾ ಮಾಡಿ.

ಟೈಲ್ಸ್ ಶೇ. 10 ಹೆಚ್ಚು ತನ್ನಿ, ಪೆಟ್ಟಿಗೆಗಳ ಮೇಲಿನ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇರಲಿ. ಆಮೇಲೆ ತಂದ ಎರಡು ಟೈಲ್ಸ್ ಮನೆಗೆ ಬಂದ ನೆಂಟರಂತೆ ಆಜನ್ಮ ಬೇರೆಯಾಗಿಯೇ ಕಾಣುತ್ತವೆ. ಟೈಲ್ಸ್ ಸಂದಿಗೆ ತುಂಬುವ ಎಪಾಕ್ಸಿ ಗ್ರೌಟ್ ಕಲೆ ಹೀರುವುದಿಲ್ಲ, ನಿಜ. ಆದರೆ ತುಂಬಿದವರು ಒರೆಸುವ ಮೊದಲು ಚಹಾಕ್ಕೆ ಹೋದರೆ ಟೈಲ್ಸ್ ಮೇಲಿನ ತೆಳು ಪೊರೆ ಗಟ್ಟಿಯಾಗಿ, ಹೊಸ ಗೋಡೆಗೆ ಕಣ್ಣಿನ ಪೊರೆ ಬಂದಂತಿರುತ್ತದೆ. ಕಟ್ಟೆ ಗೋಡೆಗೆ ಸೇರುವ ಸಂದಿಗೆ ಮಾತ್ರ ಗ್ರೌಟ್ ಬೇಡ, ಸಿಲಿಕೋನ್ ಹಾಕಿಸಿ. ಅಲ್ಲಿ ಎರಡೂ ಸ್ವಲ್ಪ ಅಲುಗಾಡುವುದರಿಂದ ಗ್ರೌಟ್ ಬಿರಿಯುತ್ತದೆ.

ಕೊನೆಗೆ ಹ್ಯಾಂಡಲ್. ಇದನ್ನು ಎಲ್ಲರೂ ಸುಸ್ತಾದ ಮೇಲೆ ಐದು ನಿಮಿಷದಲ್ಲಿ ಆರಿಸುತ್ತಾರೆ. ಎಲ್ ಆಕಾರದ ಅಡುಗೆಮನೆಯ ಮೂಲೆಯಲ್ಲಿ ಎರಡು ಡ್ರಾಯರ್ ಲಂಬಕೋನದಲ್ಲಿ ಎದುರಾಗುತ್ತವೆ. ಒಂದರ ಹ್ಯಾಂಡಲ್ 35 ಮಿ.ಮೀ. ಮುಂದೆ ಚಾಚಿದ್ದರೆ ಇನ್ನೊಂದು ಎರಡಂಗುಲ ಬಂದು ಟಕ್ ಎಂದು ನಿಲ್ಲುತ್ತದೆ. ಒಳಗಿನ ಸೌಟು ಹೊರಗಿನ ಕೈಯನ್ನು ನೋಡುತ್ತ ಮಲಗಿರುತ್ತದೆ. ಎರಡೂ ಕಡೆ ಮೂಲೆಯಲ್ಲಿ 50 ಮಿ.ಮೀ. ಅಗಲ ಜಾಗ ತುಂಬುವ ಫಿಲ್ಲರ್ ಪಟ್ಟಿ ಬಿಟ್ಟಿದ್ದರೆ ಈ ಜಗಳವೇ ಇಲ್ಲ. ಇದು ಮೊದಲೇ ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ನಕ್ಷೆಯಲ್ಲಿ ಡ್ರಾಯರುಗಳೆಲ್ಲ ಮುಚ್ಚಿಯೇ ಇರುತ್ತವೆ.